ನೂರ ನಲವತ್ತೇಳನೇ ಬಳ್ಳಿ

"ಕಣ್ಣು ಬಿಡಬೇಡಿ ಅಕ್ಕಾ. ಇನ್ನೊಂದು ಸಲ, ನಿಧಾನಕ್ಕೆ," ಅಂದಳು ಡಾಕ್ಟರಮ್ಮ.

ಥಂಡಿಯಕ್ಕ ಕಣ್ಣು ಮುಚ್ಚಿಕೊಂಡೇ ಎಳೆಕುಂಬಳವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ತೊಟ್ಟಿನ ಬುಡದಿಂದ ಹೂ ಉದುರಿದ ತುದಿಯವರೆಗೆ ಎಳೆದಳು. ಗುಳಿ ಇಲ್ಲ. ಒಂದು ಬೆರಳಗಲ ಹೊರಳಿಸಿ ಮತ್ತೆ ಎಳೆದಳು. ಇಲ್ಲ. ಇಡೀ ಮೈ ಒಂದು ಸುತ್ತು ಬಂದರೂ ಹೆಬ್ಬೆರಳು ಎಲ್ಲೂ ಎಡವಲಿಲ್ಲ. ಮೊದಲಿನಿಂದ ಇನ್ನೊಂದು ಸುತ್ತು ಎಳೆದಳು.

"ಸೊನ್ನೆ," ಅಂದಳು.

"ಏನಂದ್ರಿ?"

"ಸೊನ್ನೆ ಡಾಕ್ಟರಮ್ಮಾ! ದುಂಡನೆ ಸೊನ್ನೆ! ನೂರ ನಲವತ್ತೇಳಕ್ಕೆ ಸೊನ್ನೆ ಅಂತ ಬರ್ಕೊಳ್ಳಿ!"

ಸೊನ್ನೆ ಬಂದಿದ್ದಕ್ಕೆ ಕುಣಿದಾಡುವ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು. ಎಳೆಕುಂಬಳಕ್ಕೆ ಚಳಿ ಅಂದರೆ ಆಗದು. ನಾಲ್ಕು ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಹದಿನೈದು ದಿನ ಇಟ್ಟರೆ, ಒಳಗಿರುವಷ್ಟು ಹೊತ್ತು ಏನೂ ಆಗದವರ ಹಾಗೆ ತೆಪ್ಪಗಿರುತ್ತದೆ. ಹೊರಗೆ ತಂದು ಮೇಜಿನ ಮೇಲೆ ಎರಡು ದಿನ ಬಿಡಿ, ಆಗ ಗೊತ್ತಾಗುತ್ತದೆ ಅದರ ಗುಟ್ಟು. ಮೈತುಂಬ ಗುಳಿ ಬಿದ್ದು, ಗುಳಿಯಲ್ಲಿ ನೀರೊಡೆದು, ಮೂರನೇ ದಿನಕ್ಕೆ ಮೂಗು ಮುಚ್ಚಿಕೊಳ್ಳಬೇಕು. ದೂರದ ಮಾರುಕಟ್ಟೆಗೆ ಲಾರಿಯಲ್ಲಿ ಹೋದ ಎಳೆಕಾಯಿಯಲ್ಲಿ ಅರ್ಧಕ್ಕರ್ಧ ಹೀಗೇ ತಿಪ್ಪೆ ಸೇರುತ್ತಿತ್ತು. ಈ ಬೀಜ ಕೇಂದ್ರದಲ್ಲಿ ಕಾಯಿಗಳ ಗುಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವುದು ಥಂಡಿಯಕ್ಕನ ಕೆಲಸ. ದೀಪದ ಬೆಳಕಿನಲ್ಲಿ ಎಳೆಕಾಯಿಯ ಮೈ ಮಿರುಗಿ ಮೊದಲ ಗುಳಿಗಳು ಕಣ್ಣಿಗೆ ಬೀಳುವುದಿಲ್ಲವೆಂದು ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದಲೇ ನೋಡುತ್ತಿದ್ದಳು. ಸುಡುಬಿಸಿಲಿನ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಓಡಾಡುವ ಇವಳಿಗೆ ಥಂಡಿಯಕ್ಕ ಅನ್ನುವ ಹೆಸರು ಯಾರಿಟ್ಟರೋ, ಸ್ವಂತ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ.

"ಬಾಗಿಲ ಹತ್ರ ಇತ್ತಾ ಈ ಡಬ್ಬಿ? ಬಾಗಿಲ ಹತ್ರ ಸ್ವಲ್ಪ ಬೆಚ್ಚಗಿರುತ್ತಲ್ಲ," ಅಂದಳು ಡಾಕ್ಟರಮ್ಮ. ಸಂತೋಷ ಗಂಟಲವರೆಗೆ ಬಂದಿದ್ದರೂ ನುಂಗಿಕೊಂಡು ಕೇಳುತ್ತಿದ್ದಳು.

"ಬಾಗಿಲೂ ಇಲ್ಲ ಗೀಗಿಲೂ ಇಲ್ಲ. ಫ್ಯಾನಿನ ಕೆಳಗೇ ಇತ್ತು. ನನ್ನ ಕೈಯಾರೆ ಇಟ್ಟಿದ್ದು. ಅಲ್ಲಿ ನಾನೇ ಎರಡು ನಿಮಿಷ ನಿಲ್ಲೋದಿಲ್ಲ."

ಡಾಕ್ಟರಮ್ಮ ಪೆನ್ನು ಎಸೆದು ಥಂಡಿಯಕ್ಕನನ್ನು ತಬ್ಬಿಕೊಂಡಳು. ಜ್ವರಕ್ಕೆ ಔಷಧಿ ಕೊಡುವ ಡಾಕ್ಟರಲ್ಲ ಇವಳು, ತಳಿಗಳ ಮೇಲೆ ಓದಿ ಡಾಕ್ಟರಾದವಳು. ವಯಸ್ಸಿನಲ್ಲಿ ಥಂಡಿಯಕ್ಕನಿಗೆ ಮಗಳಾಗಬೇಕು. ಇಬ್ಬರೂ ಸೇರಿ ಕಾಯಿಗಳ ಮೇಜಿನ ಸುತ್ತ ಒಂದು ಸುತ್ತು ಹಾಕಿ ಏದುಸಿರು ಬಿಡುತ್ತ ನಿಂತರು.

ಈ ಸೊನ್ನೆಯ ಬೇರು ನಾಲ್ಕು ವರ್ಷ ಹಿಂದಿನ ಒಂದು ಮರೆವಿನಲ್ಲಿತ್ತು. ಯಾವುದೋ ಬೇಲಿಯ ಸಾಲಿನಿಂದ ತಂದ, ಮೈಯೆಲ್ಲ ಗಂಟುಗಂಟಾದ, ಬಾಯಿಗಿಟ್ಟರೆ ವಿಷದಂತೆ ಕಹಿಯಾದ ಒಂದು ಡಬ್ಬಿ ಕುಂಬಳವನ್ನು ಥಂಡಿಯಕ್ಕ ಕೋಲ್ಡ್ ರೂಮಿನ ಕಡೆಯ ಹಲಗೆಯಡಿ ಇಟ್ಟು ಮರೆತೇಬಿಟ್ಟಿದ್ದಳು. ನಲವತ್ತು ದಿನದ ಮೇಲೆ ನೆಲ ತೊಳೆಯುವಾಗ ಸಿಕ್ಕಿದರೆ ಕಾಯಿಗಳು ನಿನ್ನೆ ಕಿತ್ತಂತಿವೆ! ಅದನ್ನು ಹಿಡಿದು ಆಫೀಸಿಗೆ ಓಡಿದವಳಿಗೆ ಸಿಕ್ಕಿದ್ದು ಬೈಗುಳ. ಕೇಂದ್ರದ ದೊಡ್ಡ ಸಾಹೇಬರು, "ಮರೆತಿದ್ದನ್ನ ಮುಚ್ಚಿಕೊಳ್ಳೋಕೆ ಕಥೆ ಕಟ್ಟಬೇಡ" ಅಂದಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮ ಒಬ್ಬಳೇ ಆ ಗಂಟುಮೂತಿಯನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ನೋಡಿದವಳು.

ಗಂಟುಮೂತಿಗೂ ಮಾರುಕಟ್ಟೆಯ ಚೆಂದದ ಕುಂಬಳಕ್ಕೂ ಅವಳು ಸಂಬಂಧ ಬೆಳೆಸಿದಳು. ಹುಟ್ಟಿದ ಮಕ್ಕಳೆಲ್ಲ ಚಳಿಗೆ ಗುಳಿಬಿದ್ದು ಕೊಳೆತವು. ಇಡೀ ಕೇಂದ್ರ ನಕ್ಕಿತು. "ಮಕ್ಕಳಲ್ಲಿ ಅಡಗಿಕೊಂಡಿರುತ್ತೆ, ಮೊಮ್ಮಕ್ಕಳಲ್ಲಿ ನೋಡೋಣ," ಅಂದಿದ್ದಳು ಡಾಕ್ಟರಮ್ಮ. "ಚಳಿ ತಡೆಯೋ ಗುಣ ಒಂದು ಜೀನಿನದ್ದಲ್ಲ ಅಕ್ಕಾ, ನಾಲ್ಕು ಇರಬೇಕು ಅಂತ ನನ್ನ ಲೆಕ್ಕ. ನಾಲ್ಕೂ ಅಪ್ಪನ ಕಡೆಯಿಂದ ಒಂದೊಂದು, ಅಮ್ಮನ ಕಡೆಯಿಂದ ಒಂದೊಂದು ಬಂದಿರಬೇಕು. ಇನ್ನೂರ ಐವತ್ತಾರರಲ್ಲಿ ಒಂದಕ್ಕೆ ಆ ಅದೃಷ್ಟ."

"ಒಂದೇ ಮನೆಯ ನಾಲ್ಕು ಸೊಸೆಯರು ಒಂದೇ ದಿನ ಒಂದೇ ಮಾತಿಗೆ ಹೂಂ ಅಂದಹಾಗೆ," ಅಂದಿದ್ದಳು ಥಂಡಿಯಕ್ಕ. ಹಾಗಾಗಿ ಇನ್ನೂರ ಅರವತ್ತು ಬಳ್ಳಿ ಹಾಕಿದ್ದರು. ಇದೇ ಕಡೆಯ ಅವಕಾಶ ಅಂದಿದ್ದರು ಸಾಹೇಬರು. ಆಗದಿದ್ದರೆ ಬಳ್ಳಿ ಹಾಕಿದ್ದ ತಾಕು ಟೊಮೆಟೊಗೆ, ಕೋಲ್ಡ್ ರೂಮಿಗೆ ಬೀಗ, ಥಂಡಿಯಕ್ಕ ಮುಂದಿನ ಆಫೀಸಿನಲ್ಲಿ ಕೂತು ಬೀಜದ ಪೊಟ್ಟಣಕ್ಕೆ ಮೊಹರು ಒತ್ತಬೇಕು.

"ಸರಿ, ಈಗ ಬಳ್ಳಿ!" ಅಂದಳು ಡಾಕ್ಟರಮ್ಮ. "ನೂರ ನಲವತ್ತೇಳನೇ ಬಳ್ಳಿಯ ಬೀಜದ ಕಾಯಿ ಬೇಕು. ಇವತ್ತೇ ಕೊಯ್ದು ಒಳಗಿಟ್ಟುಬಿಡೋಣ."

ಇಲ್ಲಿದೆ ನೋಡಿ ಈ ಕೆಲಸದ ಪೇಚು. ಚಳಿಯನ್ನು ಗೆದ್ದ ಕಾಯಿ ಎಳೆಯದು. ಅದರೊಳಗಿನ ಬೀಜ ಬಲಿತಿರುವುದಿಲ್ಲ, ಮೊಳೆಯುವುದೂ ಇಲ್ಲ. ಅದಕ್ಕೇ ಪ್ರತಿ ಬಳ್ಳಿಯಲ್ಲೂ ಒಂದು ಹೂವಿಗೆ ಅದೇ ಬಳ್ಳಿಯ ಪರಾಗ ಮುಟ್ಟಿಸಿ, ದಾರದಲ್ಲಿ ನಂಬರಿನ ಚೀಟಿ ಕಟ್ಟಿ, ಒಂದೇ ಒಂದು ಕಾಯನ್ನು ಬಲಿಯಲು ಬಿಟ್ಟಿದ್ದರು. ಗೆದ್ದಿದ್ದು ಯಾರೆಂದು ಹೇಳುವುದು ಎಳೆಕಾಯಿ, ವಂಶ ಬೆಳೆಸುವುದು ಬಲಿತ ಕಾಯಿ. ಆ ಒಂದು ಕಾಯಿ ಹೋದರೆ ನಾಲ್ಕು ವರ್ಷವೂ ಹೋದಂತೆ.

ಥಂಡಿಯಕ್ಕ ಎಳೆಕಾಯಿಯನ್ನು ಸ್ವೆಟರಿನೊಳಗೆ ಸೇರಿಸಿಕೊಂಡು ಹೊರಟಳು. ತೋಟಕ್ಕೆ ಹೋಗಲು ಮಾತ್ರ ಅವಳಿಗೆ ಮನಸ್ಸಿರಲಿಲ್ಲ. ತೋಟದ ಮೇಸ್ತ್ರಿ ಅವಳ ಗಂಡ. ಗಂಡಹೆಂಡತಿ ಮಾತು ಬಿಟ್ಟು ಇವತ್ತಿಗೆ ಮೂರು ದಿನ.

ಜಗಳ ಆ ಕಾಯಿಗಳದ್ದೇ. ಮೂರು ದಿನದ ಕೆಳಗೆ, ತಿಂಗಳಾದ ಮೇಲೆ ತೋಟದ ಕಡೆ ಹೋದ ಥಂಡಿಯಕ್ಕ ನೋಡುತ್ತಾಳೆ, ಇನ್ನೂರ ಅರವತ್ತು ಬೀಜದ ಕಾಯಿಗಳ ಮೈಮೇಲೂ ನಂಬರು ಗೀಚಿದೆ! ಕಾಯಿ ಮುಷ್ಟಿಯಷ್ಟಿದ್ದಾಗ ಮೇಸ್ತ್ರಿ ಮೊಳೆಯಿಂದ ಗೀರಿದ್ದು, ಗಾಯ ಒಣಗಿ, ಕಾಯಿ ಬೆಳೆದಂತೆ ಕಲೆಯೂ ಬೆಳೆದು, ಈಗ ಬೆರಳು ದಪ್ಪದ ಒರಟು ಅಂಕಿಗಳಾಗಿ ಎದ್ದು ನಿಂತಿದ್ದವು. ಇಪ್ಪತ್ತೆರಡು ವರ್ಷ ಸಿಪ್ಪೆಯ ಮೇಲಿನ ಗಾಯವನ್ನೇ ಹುಡುಕಿಕೊಂಡು ಬದುಕಿದವಳಿಗೆ ತಲೆ ಕೆಟ್ಟುಹೋಯಿತು. ಆಳುಗಳೆದುರಿಗೇ ಕೂಗಾಡಿದ್ದಳು. "ಗೀರಿದ ಕಾಯಿ ಕೊಳೆಯುತ್ತೆ ಅಂತ ನನ್ನ ರೂಮಿನ ಬಾಗಿಲಿಗೂ ಗೊತ್ತು! ನಿಮಗೆ ಗೊತ್ತಿಲ್ವಾ? ಕೈಗೆ ಮೊಳೆ ಸಿಕ್ಕಿದ್ರೆ ಸಾಕಾ?"

"ಚೀಟಿ ಇಲಿ ತಿಂದ್ರೆ ಯಾರನ್ನ ಕೇಳ್ತೀಯ?" ಅಂದಿದ್ದ ಮೇಸ್ತ್ರಿ. ಅಷ್ಟೇ ಅವನ ಮಾತು. ಅಂದಿನಿಂದ ಮನೆಯಲ್ಲಿ ಇಬ್ಬರೂ ಏನಿದ್ದರೂ ಅವಳ ಅತ್ತೆಯ ಮೂಲಕ, ಇಲ್ಲವೇ ಗೋಡೆಗೆ ಹೇಳಿದ ಹಾಗೆ ಮಾತಾಡುತ್ತಿದ್ದರು.

ಡಾಕ್ಟರಮ್ಮನ ಸ್ಕೂಟರಿನಲ್ಲಿ ಇಬ್ಬರೂ ತಾಕಿನ ಬದುವಿಗೆ ಬಂದರು. ಬಳ್ಳಿಗಳಿರಲಿಲ್ಲ. ಒಂದೂ ಇರಲಿಲ್ಲ. ಬೋಳು ಮಣ್ಣು, ಟ್ರ್ಯಾಕ್ಟರ್ ಚಕ್ರದ ಗುರುತು, ಮೂಲೆಯಲ್ಲಿ ಕಟ್ಟಿಟ್ಟ ನಂಬರ್ ಕಡ್ಡಿಗಳ ಹೊರೆ. ಕಳೆ ಕೀಳುವ ಹೆಂಗಸೊಬ್ಬಳು ಬೇರು ಆರಿಸುತ್ತಿದ್ದಳು.

"ಎಲ್ಲಿ ಹೋಯ್ತೇ ಎಲ್ಲಾ?"

"ಬೆಳಿಗ್ಗೆನೇ ಕಿತ್ತಾಯ್ತಲ್ಲಕ್ಕಾ. ಟ್ರ್ಯಾಕ್ಟರ್ ಇವತ್ತು ಬಿಟ್ರೆ ಸಿಗಲ್ಲ, ಇವತ್ತೇ ಖಾಲಿ ಮಾಡಿ ಅಂತ ನಿನ್ನೆನೇ ಹೇಳಿದ್ರಂತೆ ಸಾಹೇಬ್ರು. ಕಾಯೆಲ್ಲ ತುಂಬಿಕೊಂಡು ಮೇಸ್ತ್ರಿ ಆಗಲೇ ಡೈರಿಗೆ ಹೋದ್ರು, ದನಕ್ಕೆ."

"ಶನಿವಾರದವರೆಗೆ ಟೈಮ್ ಕೊಟ್ಟಿದ್ರು ನನಗೆ!" ಡಾಕ್ಟರಮ್ಮ ಕೂಗಿದಳು. ಅಳುವುದಕ್ಕೆ ಪುರಸೊತ್ತಿರಲಿಲ್ಲ. "ಹತ್ತಿ ಅಕ್ಕಾ," ಅಂದವಳೇ ಸ್ಕೂಟರ್ ತಿರುಗಿಸಿದಳು. ಥಂಡಿಯಕ್ಕ ಒಂದು ಕೈಯಲ್ಲಿ ಹೊಟ್ಟೆಯ ಮೇಲಿನ ಎಳೆಕಾಯಿ, ಇನ್ನೊಂದರಲ್ಲಿ ಡಾಕ್ಟರಮ್ಮನ ಭುಜ ಹಿಡಿದು ಕೂತಳು. ಕೇಂದ್ರದ ಗೇಟಿನ ಉಬ್ಬು ಹಾರಿದಾಗ ಜೀವ ಬಾಯಿಗೆ ಬಂತು. ಆದರೂ "ಇನ್ನೂ ಜೋರಾಗಿ ಬಿಡಿ" ಅಂತಲೇ ಕೂಗಿದಳು.

ಡೈರಿಯ ಅಂಗಳದಲ್ಲಿ ಕಾಯಿಗಳ ರಾಶಿ ಬಿದ್ದಿತ್ತು. ಡೈರಿಯವನು ಮಚ್ಚಿನಿಂದ ಒಂದೊಂದನ್ನೇ ಎರಡು ಹೋಳು ಮಾಡಿ ಬಾನಿಗೆ ಎಸೆಯುತ್ತಿದ್ದ. ಮೇಸ್ತ್ರಿ ಟ್ರ್ಯಾಕ್ಟರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ನಿಲ್ಸೀ! ಮಚ್ಚು ಕೆಳಗಿಡೀ!"

ಡೈರಿಯವನು ಬೆಚ್ಚಿ ಮಚ್ಚು ಕೆಳಗೆ ಹಾಕಿದ. "ಏನಾಯ್ತಕ್ಕಾ, ವಿಷಾನಾ?"

"ವಿಷ ಅಲ್ಲ, ಬಂಗಾರ! ನೂರ ನಲವತ್ತೇಳು! ನೂರ ನಲವತ್ತೇಳು ಹುಡುಕಿ ಎಲ್ಲರೂ!"

ಮೇಸ್ತ್ರಿ ಚಹಾ ಚೆಲ್ಲಿ ಕೆಳಗೆ ಹಾರಿದ. ಹೆಂಡತಿಯ ಮುಖವನ್ನೇ ನೋಡಿದ. "ಬಂತಾ?" ಅಂತ ಕೇಳಿದ್ದು ಡಾಕ್ಟರಮ್ಮನನ್ನು. "ಬಂತು," ಅಂದಳು ಡಾಕ್ಟರಮ್ಮ. ಅವನ ಮುಖ ಒಂದು ಕ್ಷಣ ಅರಳಿ ಮರುಕ್ಷಣವೇ ಬಿಳಚಿಕೊಂಡಿತು.

"ಅಮ್ಮನ ಹತ್ರ ಕೇಳಿಸಿದ್ದೆನಲ್ಲ," ಅಂದ ಗೋಡೆಗೆ ಹೇಳುವವನಂತೆ. "ನಾಳೆ ಕೀಳ್ತೀವಿ, ಪರೀಕ್ಷೆ ಮುಗೀತಾ, ಕಾಯಿ ಬೇಕಾ, ಕೇಳಮ್ಮ ಅಂತ. ಉತ್ತರ ಬರಲಿಲ್ಲ. ಬೇಕಿದ್ರೆ ಬಾಯಿ ಬಿಡ್ತಿದ್ಲು ಅಂದ್ಕೊಂಡೆ."

ಥಂಡಿಯಕ್ಕನಿಗೆ ನಿನ್ನೆ ಸಂಜೆ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ, "ನಾನೇನು ನಿಮ್ಮಿಬ್ಬರ ಟಪಾಲು ಡಬ್ಬಿನಾ? ಬಾಯಿದ್ದವರು ಮಾತಾಡ್ಕೊಳ್ಳಿ!" ಅಂದಿದ್ದು ನೆನಪಾಯಿತು. ಮುದುಕಿ ಯಾಕೆ ಹಾಗಂದಳೆಂದು ಕೇಳುವ ಸೌಜನ್ಯವೂ ತನಗಿರಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಹುಡುಕಾಟ ಶುರುವಾಯಿತು. ಮಣ್ಣು ಮೆತ್ತಿದ ಒಂದೊಂದೇ ಕಾಯನ್ನು ಎತ್ತಿ, ಅಂಗೈಯಲ್ಲಿ ಒರೆಸಿ, ನಂಬರು ಕೂಗಿ, ಅಂಗಳದಲ್ಲಿ ಹತ್ತು ಹತ್ತರ ಸಾಲು ಹಚ್ಚಿದರು. "ಎಂಬತ್ತೆಂಟು!" "ಇನ್ನೂರ ಮೂರು!" "ಹದಿನೇಳು!" ಚೀಟಿಯೊಂದೂ ಉಳಿದಿರಲಿಲ್ಲ. ಅರ್ಧ ಇಲಿಯ ಪಾಲಾಗಿದ್ದವು, ಅರ್ಧ ಬಳ್ಳಿಯ ಜೊತೆ ಮಣ್ಣು ಸೇರಿದ್ದವು. ಮೊಳೆಯ ಗೀರು ಮಾತ್ರ ಒಂದೊಂದರ ಮೇಲೂ ಅಚ್ಚೊತ್ತಿದಂತೆ ಇತ್ತು, ಒಂದು ಕಾಯಿಯೂ ಗೀರಿದ ಕಡೆ ಕೊಳೆತಿರಲಿಲ್ಲ. ಥಂಡಿಯಕ್ಕ ಒಂದು ಗೀರಿನ ಮೇಲೆ ಹೆಬ್ಬೆರಳು ಎಳೆದು ನೋಡಿ, ಮುಂದಿನ ಕಾಯಿ ಎತ್ತಿಕೊಂಡಳು. ಗಂಡನ ನಾಲ್ಕುಗಳೆಲ್ಲ ತಲೆಕೆಳಗಾದ ಕುರ್ಚಿಯಂತಿದ್ದವು. ಮದುವೆಯಾದ ಹೊಸದರಲ್ಲಿ ಆ ನಾಲ್ಕನ್ನು ಹಿಡಿದು ಅವನನ್ನು ಎಷ್ಟು ಗೇಲಿ ಮಾಡಿದ್ದಳು.

ನೂರ ನಲವತ್ತರ ಸಾಲಿನಲ್ಲಿ ಎಂಟು ಬಂದು ಕೂತವು. ರಾಶಿ ಮುಗಿಯಿತು. ಬಾನಿಯಲ್ಲಿದ್ದ ಹೋಳುಗಳನ್ನು ದನಗಳ ಮೂತಿ ಸರಿಸಿ ತೆಗೆದು ಜೋಡಿಸಿದರು. ಡಾಕ್ಟರಮ್ಮ ಎರಡು ಸಲ ಎಣಿಸಿದಳು. ಇನ್ನೂರ ಅರವತ್ತರಲ್ಲಿ ಎರಡಕ್ಕೆ ಮಾತ್ರ ಲೆಕ್ಕ ಸಿಗಲಿಲ್ಲ: ನೂರ ನಲವತ್ತಮೂರು, ನೂರ ನಲವತ್ತೇಳು.

ಅಷ್ಟರಲ್ಲಿ ಡೈರಿಯವನು ಕಡೆಯ ಹಸುವಿನ ಕಾಲ ಬಳಿಯಿಂದ ಇನ್ನೊಂದು ಹೋಳು ಎತ್ತಿಕೊಂಡು ಬಂದ. ಒಳಗಿನ ತಿರುಳು, ಬೀಜ ಎಲ್ಲ ನೆಕ್ಕಿ ಬಟ್ಟಲಿನಂತಾಗಿತ್ತು. ಮೈಮೇಲೆ ಒಂದು, ಅದರ ಪಕ್ಕ ಒಂದು ತಲೆಕೆಳಗಾದ ಕುರ್ಚಿ. ಮಚ್ಚು ಸರಿಯಾಗಿ ಅಲ್ಲೇ ಬಿದ್ದಿತ್ತು. ಮೂರನೆಯ ಅಂಕಿಯಿದ್ದ ಇನ್ನೊಂದು ಹೋಳು ಹಸುವಿನ ಹೊಟ್ಟೆಯಲ್ಲಿತ್ತು. ಹಸು ತುಟಿ ನೆಕ್ಕಿಕೊಂಡು ಎಲ್ಲರನ್ನೂ ನೋಡಿತು.

ಡಾಕ್ಟರಮ್ಮ ನೆಲದ ಮೇಲೆ ಕುಕ್ಕರಿಸಿದಳು. "ಎರಡರಲ್ಲಿ ಒಂದು ಇದು," ಅಂದಳು ಮೆಲ್ಲಗೆ. "ಹಾಗಾದ್ರೆ ಇನ್ನೊಂದು ಎಲ್ಲಿ?"

ಮೇಸ್ತ್ರಿ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕೊನೆಗೆ ಹೆಂಡತಿಯ ಕಡೆ ತಿರುಗಿದ. ಮೂರು ದಿನದಲ್ಲಿ ಮೊದಲ ಸಲ ಗೋಡೆಯ ನೆರವಿಲ್ಲದೆ ಅವಳಿಗೇ ಹೇಳಿದ: "ಗೇಟಿನ ಉಬ್ಬು ಹತ್ತಿಸುವಾಗ ಒಂದು ಬಿತ್ತು ಕಣೇ. ಧೊಪ್ ಅಂದಿದ್ದು ಕೇಳಿಸ್ತು. ನಿನ್ನ ಮೇಲಿನ ಸಿಟ್ಟು. ಬೀಳಲಿ ಹಾಳಾಗಿ ಹೋಗ್ಲಿ ಅಂತ ತಿರುಗಿಯೂ ನೋಡಲಿಲ್ಲ."

"ಬೈಯೋದು ಆಮೇಲೆ ಇಟ್ಕೊಳ್ಳೋಣ," ಅಂದಳು ಥಂಡಿಯಕ್ಕ. "ಟ್ರ್ಯಾಕ್ಟರ್ ಹತ್ತಿ!"

ಸ್ಕೂಟರ್ ಮುಂದೆ, ಟ್ರ್ಯಾಕ್ಟರ್ ಹಿಂದೆ ಗೇಟಿಗೆ ಬಂದವು. ಉಬ್ಬಿನ ಎರಡೂ ಬದಿ ರಸ್ತೆ ಖಾಲಿ. ಬೇಲಿಯ ಬುಡ ಖಾಲಿ. ರಸ್ತೆಯ ಪಕ್ಕದ ಕಾಲುವೆಯಲ್ಲಿ ತೋಟದಿಂದ ಹರಿದ ನೀರು ಮೊಣಕಾಲುದ್ದ ನಿಂತು, ಗೇಟಿನ ಕೆಳಗಿನ ಕೊಳವೆಯೊಳಕ್ಕೆ ಸರಿಯುತ್ತಿತ್ತು. ದಡದ ಹುಲ್ಲು ಒಂದು ಕಡೆ ಮಲಗಿತ್ತು, ಏನೋ ಉರುಳಿ ನೀರಿಗೆ ಹೋದ ಹಾಗೆ.

"ಕುಂಬಳ ತೇಲುತ್ತೆ," ಅಂದಳು ಡಾಕ್ಟರಮ್ಮ.

ಮೂವರೂ ಕೊಳವೆಯ ಬಾಯಿ ನೋಡಿದರು. ಜೊಂಡು, ಕೊಳೆತ ಎಲೆ ಸೇರಿ ಅರ್ಧ ಕಟ್ಟಿಕೊಂಡಿತ್ತು. ಒಳಗೆ ಕಗ್ಗತ್ತಲು. ಮೇಸ್ತ್ರಿ ಕಾಲುವೆಗಿಳಿದು ತೋಳು ತೂರಿಸಿ ನೋಡಿದ, ಭುಜ ಹಿಡಿಸಲಿಲ್ಲ. "ಕೋಲಿನಿಂದ ತಳ್ಳಲಾ?" ಅಂದ.

"ತಳ್ಳಿದ್ರೆ ಒಳಗೇ ಹೋಗುತ್ತೆ. ಸರೀರಿ." ಥಂಡಿಯಕ್ಕ ಎಳೆಕಾಯನ್ನು ಡಾಕ್ಟರಮ್ಮನ ಕೈಗಿಟ್ಟಳು, ಸ್ವೆಟರ್ ಬಿಚ್ಚಿ ಬೇಲಿಗೆ ಎಸೆದಳು. ಅವಳನ್ನು ಸ್ವೆಟರ್ ಇಲ್ಲದೆ ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ. ಕಾಲುವೆಯ ದಡದಲ್ಲಿ ಬೋರಲು ಮಲಗಿ, ಕೆನ್ನೆಯನ್ನು ಸಿಮೆಂಟಿಗೆ ಒತ್ತಿ, ತೋಳನ್ನು ಭುಜದವರೆಗೂ ಕೊಳವೆಯೊಳಗೆ ಇಳಿಬಿಟ್ಟಳು. ಜಾರತೊಡಗಿದವಳ ಎರಡೂ ಪಾದವನ್ನು ಮೇಸ್ತ್ರಿ ಗಟ್ಟಿಯಾಗಿ ಹಿಡಿದುಕೊಂಡ.

ಜೊಂಡು. ಕೆಸರು. ಒಂದು ಬಾಟಲಿ. ಇನ್ನೂ ಒಳಗೆ. ನೀರು ಕೊರೆಯುತ್ತಿತ್ತು, ಅದು ಅವಳಿಗೆ ಲೆಕ್ಕಕ್ಕಿರಲಿಲ್ಲ. ಬೆರಳ ತುದಿಗೆ ಗಟ್ಟಿಯಾದ, ಗುಂಡಗಿನ ಏನೋ ತಗುಲಿ ಮೆಲ್ಲಗೆ ಜರುಗಿತು.

"ಇದೆ!"

"ಎಳ್ಕೊಳ್ಳೇ!"

"ತಡೀರಿ." ಅವಳು ಕಣ್ಣು ಮುಚ್ಚಿಕೊಂಡಳು. ಕಾಯನ್ನು ಕೊಳವೆಯ ಗೋಡೆಗೆ ಒತ್ತಿ ಹಿಡಿದು ಹೆಬ್ಬೆರಳು ಆಡಿಸಿದಳು. ನುಣುಪು, ನುಣುಪು, ಆಮೇಲೆ ಒರಟು. ನೆಟ್ಟಗೆ ನಿಂತ ಒಂದು ಗೀರು. ಅದರ ಪಕ್ಕ ತಲೆಕೆಳಗಾದ ಕುರ್ಚಿ, ನಾಲ್ಕು ಕಡೆಯಿಂದಲೂ ಮುಟ್ಟಿ ನೋಡಿದಳು, ಕುರ್ಚಿಯೇ. ಅದರಾಚೆ ಕೆಸರು ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದಳು.

"ಮೂರಾ?" ಅಂದ ಮೇಸ್ತ್ರಿ. ಅವಳ ಪಾದ ಬಿಡದೆ ಕತ್ತು ಚಾಚಿದ. "ಹೇಳೇ, ಮೂರಾ?"

ಮೇಲೊಂದು ಅಡ್ಡಗೀರು. ಅಲ್ಲಿಂದ ಓರೆಯಾಗಿ ಕೆಳಗಿಳಿದ ಒಂದೇ ಕಾಲು. ಎಲ್ಲೂ ಬಾಗಿರಲಿಲ್ಲ. ಅವಳು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಎಳೆದು ನೋಡಿದಳು.

"ಏಳು ಕಣ್ರೀ," ಅಂದಳು. "ನಿಮ್ಮದೇ ಏಳು."

ಡಾಕ್ಟರಮ್ಮ ಕಿರುಚಿದ್ದು ಆಫೀಸಿನವರೆಗೂ ಕೇಳಿಸಿ, ಕಿಟಕಿಗಳಲ್ಲಿ ತಲೆಗಳು ಮೂಡಿದವು. ಮೇಸ್ತ್ರಿ ಹೆಂಡತಿಯನ್ನು ಕಾಯಿಯ ಸಮೇತ ಮೇಲೆಳೆದ. ಇಬ್ಬರೂ ಕೆಸರಲ್ಲೇ ಕೂತು ನಕ್ಕರು. ಅವಳು ನಗುತ್ತ ನಗುತ್ತ ಅತ್ತುಬಿಟ್ಟಳು. ಅವನು ಬೇಲಿಯಿಂದ ಸ್ವೆಟರ್ ತಂದು ಕೊಟ್ಟ. ಅವಳು ಅದನ್ನು ತಾನು ಹಾಕಿಕೊಳ್ಳದೆ ಕಾಯಿಗೆ ಸುತ್ತಿದಳು.

"ಸಾಹೇಬ್ರಿಗೆ ನಾನೇ ಹೇಳ್ತೀನಿ," ಅಂತ ಡಾಕ್ಟರಮ್ಮ ಎಳೆಕಾಯಿ ಹಿಡಿದು ಮುಂದೆ ಓಡಿದಳು. ಸ್ಕೂಟರ್ ಅಲ್ಲೇ ಬಿಟ್ಟಿದ್ದು ಅವಳಿಗೆ ನೆನಪಾಗಲಿಲ್ಲ.

ಥಂಡಿಯಕ್ಕ ಟ್ರ್ಯಾಕ್ಟರಿನಲ್ಲಿ ಗಂಡನ ಪಕ್ಕ ಚಕ್ರದ ಮೇಲಿನ ತಗಡಿಗೆ ಹತ್ತಿ ಕೂತು ಕಾಯನ್ನು ಮಡಿಲಲ್ಲಿಟ್ಟುಕೊಂಡಳು. ಗೇಟಿನ ಉಬ್ಬು ಬಂತು. ಮೇಸ್ತ್ರಿ ಗೇರ್ ಇಳಿಸಿ, ಹಿಂದೆ ತಿರುಗಿ, ಅವಳ ಮಡಿಲು ನೋಡಿ, ಮುಂದಿನ ಚಕ್ರಗಳನ್ನು ಉಬ್ಬಿನ ಮೇಲೆ ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ. ಆಮೇಲೆ ಹಿಂದಿನವನ್ನು. ಸ್ವೆಟರಿನ ಸಂದಿನಿಂದ ಒಳಗೆ ಹೋದ ಅವಳ ಹೆಬ್ಬೆರಳು ತಲೆಕೆಳಗಾದ ಕುರ್ಚಿಯ ಮೇಲೆ ಹೋಗಿ ಬಂದು, ಹೋಗಿ ಬಂದು ಮಾಡುತ್ತಿತ್ತು.